ಕೈಯ ದೂರು, ಕತ್ತಿನ ತಪ್ಪು



ಇಂಗ್ಲೀಷು ಸಾಹಿತ್ಯವನ್ನು ಪಾಠ ಹೇಳಿ ಹೊಟ್ಟೆ ಹೊರೆಯತಕ್ಕವನೊಬ್ಬನು ಮೂಳೆ ನರಗಳ ವಿಷಯವನ್ನೆತ್ತಿಕೊಂಡು ನಿಮ್ಮೆದುರಿಗೆ ಬರುವುದು ಅಧಿಕಪ್ರಸಂಗವೆಂದು ನಿಮಗೆ ತೋರಬಹುದು. ನನಗೂ ಹಾಗೆಯೇ ತೋರುತ್ತದೆ. ಆದರೆ ಎಂಟು ತಿಂಗಳ ಕಾಲ ಒಂದು ಬೆರಳು ಮೈಮೇಲೆ ಇದ್ದೂ ಇಲ್ಲದಂತಾದವನಿಗೆ ಆ ಬೆರಳನ್ನು ಕುರಿತು ನಾಲ್ಕು ಮಾತನಾಡುವ ಹಕ್ಕು ಹುಟ್ಟುತ್ತದೆಂದು ಭಾವಿಸಿ ಧೈರ್ಯಮಾಡಿದ್ದೇನೆ. ವೈದ್ಯರು ಯಾರಾದರೂ ಕೇಳುತ್ತಿದ್ದರೆ ನನ್ನ ಮಾತಿನ ಒರಟುತನವನ್ನು ಮನ್ನಿಸಬೇಕು. ವೈದ್ಯರಲ್ಲದವರು ಇದನ್ನು ಕೇಳಿ ತಮ್ಮ ರೋಗವನ್ನು ತಾವೇ ನಿರ್ಣಯಿಸಿಕೊಳ್ಳಬಾರದೆಂದೂ ಮೊದಲೇ ಬೇಡಿಕೊಳ್ಳುತ್ತೇನೆ; ನಾನು ಆ ತಪ್ಪನ್ನು ಮಾಡಿಯೇ ಒಂದು ತಿಂಗಳನ್ನು ಕಳೆದುಕೊಂಡವನು.

ಎರಡು ವರ್ಷದ ಹಿಂದೆ, ಆಷಾಢದಲ್ಲಿ. ಒಂದು ಬೆಳಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿತ್ತು. ದಿಂಬು ಸರಿಯಿರಲಿಲ್ಲವೆಂದುಕೊಂಡೆ. ಎರಡು ದಿನ ಕಳೆದ ಮೇಲೆ ಕತ್ತಿನ ನೋವು ಇಳಿದು, ಎಡಗಡೆಯ ಹೆಗಲ ಹಿಂದಿನ ಹಲಗೆಮೂಳೆಯ ಮಗ್ಗುಲಲ್ಲಿ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಹ ನೋವು ಹತ್ತಿತು. ಅಲ್ಲಿಂದ ಅದು ತೋಳಿನ ಹಿಂಭಾಗವನ್ನು ಹಿಡಿದು, ಮೊಳಕೈಯನ್ನು ದಾಟಿ, ಕೊನೆಗೆ ನಡುಬೆರಳಿನ ತುದಿಯಲ್ಲಿ ಬಿಡಾರ ಮಾಡಿತು. ಈ ಪ್ರಯಾಣದಲ್ಲಿ ಒಂದು ಸ್ವಾರಸ್ಯವುಂಟು. ನೋವು ಕೆಳಗಿಳಿದಷ್ಟೂ ಕತ್ತು ಹಗುರವಾಗುತ್ತ ಬಂದಿತು. ಆದಕಾರಣ ಕತ್ತಿನ ಸಂಗತಿಯನ್ನು ನಾನು ಮರೆತೇಬಿಟ್ಟೆ. ಯಾರಾದರೂ ಏನು ತೊಂದರೆಯೆಂದು ಕೇಳಿದರೆ ಕೈ ತೋರಿಸುತ್ತಿದ್ದೆ.

ಆ ವಾರ ನಾನು ಬಿ.ಎ. ತರಗತಿಗೆ ಪಾಠ ಹೇಳುತ್ತಿದ್ದುದು 1914-18ರ ಮಹಾಯುದ್ಧದಲ್ಲಿ ಹೋರಾಡಿದ ಇಂಗ್ಲೀಷು ಕವಿಗಳನ್ನು. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಸೀಮೆಸುಣ್ಣ. ಇಪ್ಪತ್ತು ವರ್ಷಗಳ ರೂಢಿ. ಸಸೂನನ ಪದ್ಯವೊಂದನ್ನು ಓದುತ್ತಿದ್ದಾಗ ಪುಸ್ತಕವು ಕೈಯಿಂದ ಜಾರಿ ಕೆಳಗೆ ಬಿದ್ದಿತು. ಹುಡುಗರು ನಕ್ಕರು, ನಾನೂ ನಕ್ಕೆ. ಎತ್ತಿಕೊಂಡು ಮುಂದುವರಿಸಿದೆ. ಹತ್ತು ನಿಮಿಷದಲ್ಲಿ ಮತ್ತೆ ಬಿದ್ದಿತು. ಈ ಸಲ ಹುಡುಗರು ನಗಲಿಲ್ಲ.

ಸಂಜೆ ಮನೆಯಲ್ಲಿ ಕಾಫಿಯ ಲೋಟವನ್ನು ಹಿಡಿದವನಿಗೆ ಅದು ಬಿಸಿಯೆಂದು ಹೆಬ್ಬೆರಳು ಹೇಳಿತೇ ಹೊರತು ನಡುಬೆರಳು ಏನನ್ನೂ ಹೇಳಲಿಲ್ಲ. ಈ ಮಾತು ಬಾಯಿಂದ ಹೊರಟಿದ್ದೇ ತಡ, ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತು. ಆಕೆಯ ಸೋದರಮಾವನವರು ಎಡಗೈ ಜೋಮು ಹಿಡಿದಿದೆಯೆಂದು ಹೇಳಿ ಮಲಗಿದವರು ಬೆಳಗಾಗುವುದರೊಳಗೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಅರ್ಧ ಗಂಟೆಯೊಳಗೆ ನಾನು ಆಸ್ಪತ್ರೆಯ ಮಂಚದ ಮೇಲಿದ್ದೆ. ಇ.ಸಿ.ಜಿ. ತೆಗೆದರು, ರಕ್ತಪರೀಕ್ಷೆಯನ್ನು ಎರಡು ಸಲ ಮಾಡಿದರು. ಆ ರಾತ್ರಿ ನನ್ನ ಮನಸ್ಸಿನಲ್ಲಿ ಹಾದುಹೋದುದನ್ನೆಲ್ಲ ಇಲ್ಲಿ ಹೇಳುವ ಕಾರಣವಿಲ್ಲ. ಮಗಳಿಗೆ ಆಗ ಹನ್ನೊಂದು ವರ್ಷ. ಮನೆಯ ಸಾಲ ಇನ್ನೂ ಒಂಬತ್ತು ವರ್ಷ ಇತ್ತು. ಬೆಳಗಿನ ಹೊತ್ತಿಗೆ, ಹೃದಯದಲ್ಲಿ ದೋಷವಿಲ್ಲ, ಹೊರಡಬಹುದು ಎಂದರು. ಹಾಗಾದರೆ ಈ ಬೆರಳಿಗೇನಾಗಿದೆಯೆಂದು ಕೇಳಿದ್ದಕ್ಕೆ ಅಲ್ಲಿದ್ದ ವೈದ್ಯರೊಬ್ಬರು, ನರದೌರ್ಬಲ್ಯವೆಂದು ಹೇಳಿ ವಿಟಮಿನ್ ಗುಳಿಗೆಗಳನ್ನು ಬರೆದುಕೊಟ್ಟರು.

ಆ ರಾತ್ರಿ ಆಸ್ಪತ್ರೆಗೆ ಓಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಎಡಗೈಯ ಜೋಮಿನ ಜೊತೆಗೆ ಎದೆಯ ಬಿಗಿತ, ಬೆವರು, ಏದುಸಿರು ಕಾಣಿಸಿಕೊಂಡರೆ, ಅಥವಾ ಇದ್ದಕ್ಕಿದ್ದಂತೆ ಮುಖ ವಾಲಿ ಮಾತು ತೊದಲಿದರೆ, ಕತ್ತಿನ ವಿಚಾರವನ್ನು ಮರೆತು ಆಸ್ಪತ್ರೆಗೆ ಓಡತಕ್ಕದ್ದು. ಮೊದಲನೆಯದು ಹೃದಯದ, ಎರಡನೆಯದು ಮಿದುಳಿನ ಸಂಗತಿಯಾಗಿರಬಹುದು. ಎರಡೂ ಕಾಯುವ ರೋಗಗಳಲ್ಲ. ನನ್ನ ತಪ್ಪು ಆರಂಭವಾದದ್ದು ಮರುದಿನದಿಂದ.

ಕೈಗೆ ತೊಂದರೆಯಾದಾಗ ಕೈಗೇ ಉಪಚಾರ ಮಾಡುವುದು ಸಹಜವಷ್ಟೆ. ಮಹಾನಾರಾಯಣ ತೈಲವನ್ನು ಬಿಸಿಮಾಡಿ ತಾಯಿಯವರು ತಿಕ್ಕಿದರು. ಉಪ್ಪಿನ ಗಂಟಿನ ಶಾಖ ಕೊಟ್ಟದ್ದಾಯಿತು. ಸಹೋದ್ಯೋಗಿಯೊಬ್ಬರು ತಮ್ಮ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯನ್ನು ಉದಾರವಾಗಿ ಎರವಲು ಕೊಟ್ಟರು. ಮತ್ತೊಬ್ಬರು ರಬ್ಬರಿನ ಚೆಂಡನ್ನು ತಂದು ದಿನಕ್ಕೆ ನೂರು ಸಲ ಹಿಸುಕಬೇಕೆಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಮಾಡಿದ ಪುಣ್ಯಾತ್ಮನು ನರಶಾಸ್ತ್ರವನ್ನು ಬಲ್ಲವನಾಗಿದ್ದನೋ ಏನೋ! ಒಂದು ತಿಂಗಳ ಕಾಲ ನಮ್ಮ ಮನೆಯಲ್ಲಿ ಎಮ್ಮೆಗೆ ಬರೆ ಬೀಳುತ್ತಲೇ ಇತ್ತು. ಕತ್ತಿನ ಹತ್ತಿರ ಬಂದವನೆಂದರೆ ನನಗೆ ಕ್ಷೌರ ಮಾಡುವ ಹಳೆಯ ಸ್ನೇಹಿತನೊಬ್ಬನೇ. "ಸ್ವಾಮಿ, ಕತ್ತನ್ನು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಲಟಕ್ಕೆನಿಸಿಬಿಡುತ್ತೇನೆ, ಎಲ್ಲ ಸರಿಹೋಗುತ್ತದೆ" ಎಂದನು. ಆತನದು ಒಳ್ಳೆಯ ಮನಸ್ಸು. ಸ್ಥಳವನ್ನೂ ಸರಿಯಾಗಿಯೇ ಊಹಿಸಿದ್ದನು. ಆದರೆ ಅಂದು ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚಾಗಿದ್ದುದರಿಂದ ಆ ಕಾರ್ಯ ನಡೆಯಲಿಲ್ಲ. ಹೀಗೆ ಕತ್ತನ್ನು ರಭಸದಿಂದ ತಿರುಚುವುದರಿಂದ ಮಿದುಳಿಗೆ ರಕ್ತವನ್ನೊಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಂದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆಯೆಂದು ಆಮೇಲೆ ತಿಳಿದಾಗ, ಆ ಗಿರಾಕಿಗಳಿಗೆಲ್ಲ ಮನಸ್ಸಿನಲ್ಲಿಯೇ ನಮಸ್ಕಾರ ಮಾಡಿದೆ.

ರಾತ್ರಿಗಳು ಕಷ್ಟವಾಗಿದ್ದವು. ಮಲಗಿದರೆ ನೋವು ಹೆಚ್ಚು; ಕುಳಿತರೆ ಸ್ವಲ್ಪ ವಾಸಿ. ಹೀಗೆ ಒದ್ದಾಡುತ್ತ, ಎಡಗೈಯನ್ನು ಎತ್ತಿ ನೆತ್ತಿಯ ಮೇಲಿಟ್ಟುಕೊಂಡರೆ ನೋವು ತಟ್ಟನೆ ತಗ್ಗುವುದನ್ನು ಕಂಡುಕೊಂಡೆ. ಅಂದಿನಿಂದ ನಡುರಾತ್ರಿಯಲ್ಲಿ ಆ ಭಂಗಿಯಲ್ಲಿ ಕುಳಿತಿರುವುದು ಅಭ್ಯಾಸವಾಯಿತು. ಒಂದು ರಾತ್ರಿ ನನ್ನ ಹೆಂಡತಿ ಎಚ್ಚರಗೊಂಡು, "ಏನೂಂದ್ರೆ, ಏನು ಮುಳುಗಿಹೋಯಿತೂಂತ ಹೀಗೆ ತಲೆಯ ಮೇಲೆ ಕೈಹೊತ್ತು ಕೂತಿದ್ದೀರಿ?" ಎಂದು ಗಾಬರಿಯಿಂದ ಕೇಳಿದಳು. ಮರುದಿನವೇ ಆಕೆ ನನ್ನನ್ನು ನರರೋಗತಜ್ಞರೊಬ್ಬರಲ್ಲಿಗೆ ಕರೆದುಕೊಂಡು ಹೋದಳು. ತನ್ನ ಯಜಮಾನರಿಗೆ ಕೈನೋವಿಗಿಂತಲೂ ಮನಸ್ಸಿನ ವ್ಯಾಕುಲವೇ ಹೆಚ್ಚಾಗಿದೆಯೆಂದು ಹೇಳಿ, ಈ ತಲೆಯ ಮೇಲೆ ಕೈ ಹೊತ್ತ ಸಂಗತಿಯನ್ನು ಸಾಕ್ಷ್ಯವಾಗಿ ಮುಂದಿಟ್ಟಳು. ಡಾಕ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. "ತಾಯಿ, ಅರ್ಧ ರೋಗವನ್ನು ನೀವೇ ಹೇಳಿಬಿಟ್ಟಿರಿ" ಎಂದರು. ಕತ್ತಿನಲ್ಲಿ ನರದ ಬೇರು ಸಿಕ್ಕಿಹಾಕಿಕೊಂಡಿರುವವರು ಕೈಯನ್ನು ತಲೆಯ ಮೇಲಿಟ್ಟರೆ ಆ ಬೇರಿನ ಮೇಲಿನ ಸೆಳೆತ ಸಡಿಲವಾಗುತ್ತದೆಯಂತೆ. ಯಾರೂ ಹೇಳಿಕೊಡದೆ ರೋಗಿಯೇ ಕಂಡುಕೊಳ್ಳತಕ್ಕ ಉಪಶಮನವಿದು. ವೈದ್ಯರು ಇದನ್ನೊಂದು ಚಿಹ್ನೆಯಾಗಿ ಇಟ್ಟುಕೊಂಡಿದ್ದಾರೆ.

ಅನಂತರ ಅವರು ನನ್ನನ್ನು ಪರೀಕ್ಷಿಸಿದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೊದಲನೆಯದಾಗಿ ಅವರು ಹಿಡಿದದ್ದು ನನ್ನ ಮಾತನ್ನು. "ಮೇಷ್ಟರೆ, ಜೋಮು ಎನ್ನುತ್ತೀರೋ, ಮರಗಟ್ಟಿದೆ ಎನ್ನುತ್ತೀರೋ, ಕೈ ಸೋಲುತ್ತದೆ ಎನ್ನುತ್ತೀರೋ? ಮೂರೂ ಬೇರೆ ಬೇರೆ" ಎಂದರು. ಭಾಷೆಯನ್ನೇ ಕಸಬಾಗಿ ಮಾಡಿಕೊಂಡವನಿಗೆ ನಾಚಿಕೆಯಾಯಿತು. ಜೋಮೆಂದರೆ ಇರುವೆ ಹರಿದಂತೆ ಜುಮುಗುಟ್ಟುವುದು. ಅಲ್ಲಿ ನರ ಇಲ್ಲದ ಸುದ್ದಿಯನ್ನು ಕಳುಹಿಸುತ್ತಿರುತ್ತದೆ. ಮರಗಟ್ಟುವುದೆಂದರೆ ಮುಟ್ಟಿದರೆ ತಿಳಿಯದಿರುವುದು; ಅಲ್ಲಿ ಇರುವ ಸುದ್ದಿಯೂ ಬರುವುದಿಲ್ಲ. ಸೋಲುವುದೆಂದರೆ ಮಿದುಳಿನ ಆಜ್ಞೆ ಸ್ನಾಯುವಿಗೆ ಮುಟ್ಟದಿರುವುದು. ನಮ್ಮ ಹಳ್ಳಿಯ ಹೆಂಗಸರು ಈ ಮೂರನ್ನೂ ಬೇರೆ ಬೇರೆಯಾಗಿ ಬಳಸುತ್ತಾರೆ. ನಾನು ಮಾತ್ರ ಇಂಗ್ಲೀಷಿನ ಒಂದೇ ಪದದ ಕೆಳಗೆ ಮೂರನ್ನೂ ತುರುಕಿಕೊಂಡು ಹೋಗಿದ್ದೆ.

ಆಮೇಲೆ ಹತ್ತಿಯ ಎಳೆಯಿಂದಲೂ ಗುಂಡುಸೂಜಿಯಿಂದಲೂ ಐದು ಬೆರಳುಗಳನ್ನು ಮುಟ್ಟಿ ನೋಡಿದರು. ನಡುಬೆರಳು ಮಂಕಾಗಿತ್ತು. ಮೊಳಕೈಯನ್ನು ಮಡಿಸಿ, ನನ್ನನ್ನು ತಳ್ಳು ಎಂದರು. ಬಲಗೈ ಅವರನ್ನು ಹಿಂದಕ್ಕೆ ದೂಡಿತು, ಎಡಗೈ ಹುಡುಗಿಯ ಕೈಯಂತಾಯಿತು. ರಬ್ಬರಿನ ಸುತ್ತಿಗೆಯಿಂದ ಮೊಳಕೈಯ ಹಿಂದೆ ತಟ್ಟಿದರೆ ಬಲಗೈ ಕುಣಿಯಿತು, ಎಡಗೈ ಸುಮ್ಮನಿತ್ತು. ಕಡೆಗೆ ತಲೆಯನ್ನು ಹಿಂದಕ್ಕೆ ಬಾಗಿಸಿ ಎಡಕ್ಕೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿದರು. ನಡುಬೆರಳಿನವರೆಗೂ ಮಿಂಚು ಹೊಡೆದಂತಾಗಿ ಕೂಗಿಬಿಟ್ಟೆ. "ಏಳನೆಯ ನರ" ಎಂದರು ಡಾಕ್ಟರು. ಇದುವರೆಗೂ ಒಂದು ಚಿತ್ರವನ್ನೂ ತೆಗೆದಿರಲಿಲ್ಲ.

ಏಳನೆಯ ನರವೆಂದರೇನು? ನಮ್ಮ ಕತ್ತಿನಲ್ಲಿರುವುದು ಏಳು ಮೂಳೆಯ ಮಣಿಗಳು. ಇಲಿಗೂ ಏಳೇ, ಜಿರಾಫೆಗೂ ಏಳೇ. ಸಸ್ತನಿಗಳಲ್ಲಿ ಒಂದೆರಡು ಜಾತಿಗಳನ್ನು ಬಿಟ್ಟರೆ ಎಲ್ಲಕ್ಕೂ ಪ್ರಕೃತಿಯು ಈ ಲೆಕ್ಕವನ್ನೇ ಇಟ್ಟಿದೆ. ಮೊದಲೆರಡು ಮಣಿಗಳ ನಡುವೆ ಹೊರತು ಉಳಿದ ಮಣಿಗಳ ನಡುವೆ ಒಂದೊಂದು ಬಿಲ್ಲೆ, ಡಿಸ್ಕೆನ್ನುವುದು ಇದನ್ನೇ. 4ರಿಂದ 5 ಕಿಲೋಗ್ರಾಂ ತೂಗುವ ತಲೆಯನ್ನು ಹಗಲೆಲ್ಲ ಹೊತ್ತು ತಿರುಗಿಸುವ ಕೆಲಸದಲ್ಲಿ ಮಣಿಗಳು ಒಂದನ್ನೊಂದು ಉಜ್ಜದಂತೆ ಕಾಯುವುದು ಈ ಬಿಲ್ಲೆಯ ಕಾರ್ಯ. ಅದರ ರಚನೆಯನ್ನು ತಿಳಿಯಲು ಹೂರಣದ ಕಡುಬನ್ನು ನೆನೆದರೆ ಸಾಕು. ಹೊರಗೆ ಪದರ ಪದರವಾಗಿ ಹೆಣೆದ ಗಟ್ಟಿ ನಾರಿನ ಬಳೆ. ಒಳಗೆ ನೀರಿನಂಶ ತುಂಬಿದ ಮೆತ್ತನೆಯ ಲೋಳೆ. ಪ್ರಾಯ ಬಂದವರ ಬಿಲ್ಲೆಯೊಳಕ್ಕೆ ರಕ್ತನಾಳವಿಲ್ಲ. ಸುತ್ತಲಿನಿಂದ ಜಿನುಗಿದ್ದರಲ್ಲಿಯೇ ಅದು ಬದುಕಬೇಕು. ವಯಸ್ಸಾದಂತೆ ನೀರು ಆರಿ, ನಾರು ಸೀಳು ಬಿಡುತ್ತದೆ. ಆಗ ಒಂದು ದಿನ ಕಡುಬು ಬಿರಿದು ಹೂರಣ ಹೊರಕ್ಕೆ ಬರುತ್ತದೆ. ಹೊರಕ್ಕೆ ಬಂದದ್ದು ಎಲ್ಲಿಗೆ ಹೋಗಬೇಕು? ಹಿಂದೆ ಬೆನ್ನುಹುರಿ, ಪಕ್ಕದಲ್ಲಿ ಅದರಿಂದ ಕವಲೊಡೆದು ಕೈಗೆ ಹೊರಟ ನರದ ಬೇರು. ಕತ್ತಿನ ಏಳು ಮಣಿಗಳಿಗೆ ನರಗಳು ಎಂಟು ಜೊತೆ. ಆರನೆಯ ನರ ಹೆಬ್ಬೆರಳು ತೋರುಬೆರಳುಗಳ ಕಡೆಗೂ, ಏಳನೆಯದು ನಡುಬೆರಳಿಗೂ, ಎಂಟನೆಯದು ಉಂಗುರಬೆರಳು ಕಿರುಬೆರಳುಗಳಿಗೂ ಹೋಗುತ್ತವೆಂದು ಸ್ಥೂಲವಾಗಿ ಹೇಳಬಹುದು. ಆರನೆಯ ಏಳನೆಯ ಮಣಿಗಳ ನಡುವಿನ ಬಿಲ್ಲೆ ಬಿರಿದರೆ ಸಿಕ್ಕಿಬೀಳುವುದು ಏಳನೆಯದು. ಒತ್ತಡ ಮಾತ್ರವಲ್ಲ, ಹೊರಬಂದ ಲೋಳೆಯಲ್ಲಿರುವ ದ್ರವ್ಯಗಳೂ ನರವನ್ನು ಕೆರಳಿಸಿ ಉರಿಯೂತವನ್ನುಂಟುಮಾಡುತ್ತವೆ.

ಹಾಗಿದ್ದರೆ ಕತ್ತೇ ಏಕೆ ಕೂಗಿಕೊಳ್ಳುವುದಿಲ್ಲ, ಬೆರಳೇಕೆ ಕೂಗಬೇಕು? ಹಿಂದೆ ನಮ್ಮಲ್ಲಿ ತಂತಿ ವರ್ತಮಾನದ ಕಾಲವೊಂದಿತ್ತು. ಶಿವಮೊಗ್ಗದಿಂದ ಬರುವ ತಂತಿಯನ್ನು ದಾರಿಯಲ್ಲಿ ಎಲ್ಲಿಯೋ ಒಬ್ಬನು ಹಿಡಿದು ಕಟಕಟನೆ ತಟ್ಟಿದ್ದರೆ, ಇಲ್ಲಿ ಕುಳಿತ ಗುಮಾಸ್ತನು ಅದನ್ನು ಶಿವಮೊಗ್ಗದ ಸುದ್ದಿಯೆಂದೇ ಬರೆದುಕೊಳ್ಳುತ್ತಿದ್ದನಲ್ಲವೆ? ಮಿದುಳೂ ಅಂತಹ ಗುಮಾಸ್ತ. ನಡುಬೆರಳಿನ ತಂತಿಯಲ್ಲಿ ಬಂದುದೆಲ್ಲ ಅದಕ್ಕೆ ನಡುಬೆರಳಿನದೇ ಸಮಾಚಾರ.

ಈ ಮಾತನ್ನು ಇಂದು ಸುಲಭವಾಗಿ ಹೇಳಿಬಿಡುತ್ತೇವೆ. ವೈದ್ಯಲೋಕಕ್ಕೆ ಇದು ತಿಳಿಯಲು ಬಹಳ ಕಾಲ ಹಿಡಿಯಿತು. 1920-30ರ ದಶಕಗಳಲ್ಲಿ ಕೈ ಜೋಮಿಗೆ ಕತ್ತಿನ ಹೆಚ್ಚುವರಿ ಪಕ್ಕೆಲುಬೇ ಕಾರಣವೆಂದೋ ಕತ್ತಿನ ಪಕ್ಕದ ಸ್ನಾಯುವೊಂದು ನರವನ್ನು ಅದುಮುತ್ತಿದೆಯೆಂದೋ ಹೇಳಿ, ಆ ಸ್ನಾಯುವನ್ನು ಕತ್ತರಿಸುತ್ತಿದ್ದರು. ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಲ್ಲಿ ಬಿಲ್ಲೆಯ ಚೂರು ಕಣ್ಣಿಗೆ ಬಿದ್ದಾಗಲೂ ಅದನ್ನು ಬೇರೊಂದು ಗಡ್ಡೆಯೆಂದೇ ಬರೆದಿಡುತ್ತಿದ್ದರು. ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಹಾಗೆ ಗಡ್ಡೆಯೆಂದು ಹೆಸರು ಹಚ್ಚಿ ಇಟ್ಟಿದ್ದ ಚೂರುಗಳನ್ನು ಮತ್ತೆ ತೆಗೆದು ನೋಡಿ, ಇವು ಬಿರಿದ ಬಿಲ್ಲೆಯ ತುಣುಕುಗಳೆಂದು ತೋರಿಸಿಕೊಟ್ಟರು. 1934ರಲ್ಲಿ ಅವರ ಲೇಖನ ಪ್ರಕಟವಾಯಿತು. ಸೊಂಟದ ವಿಷಯದಲ್ಲಿ ಅದು ಕಣ್ಣು ತೆರೆಸಿತು. ಕತ್ತಿನ ವಿಷಯದಲ್ಲಿ ನನ್ನ ರೋಗವನ್ನೇ ಸ್ಪಷ್ಟವಾಗಿ ಬರೆದವರು ಅಮೆರಿಕದ ಮೆಂಫಿಸ್ ನಗರದ ಸೆಮ್ಸ್ ಮತ್ತು ಮರ್ಫಿ, ಅದು 1943ರಲ್ಲಿ. ಆರನೆಯ ಬಿಲ್ಲೆ ಒಡೆದು ಏಳನೆಯ ನರದ ಬೇರು ಸಿಕ್ಕಿಬಿದ್ದ ನಾಲ್ವರು ರೋಗಿಗಳ ವೃತ್ತಾಂತವದು. ಲೇಖನದ ತಲೆಬರಹದಲ್ಲಿಯೇ, ಈ ಲಕ್ಷಣಗಳು ಹೃದಯರೋಗವನ್ನು ಅನುಕರಿಸುತ್ತವೆ ಎಂಬ ಅರ್ಥದ ಮಾತಿದೆ. ಅದನ್ನು ಓದಿದಾಗ ನನ್ನ ಆಸ್ಪತ್ರೆಯ ರಾತ್ರಿ ನೆನಪಿಗೆ ಬಂದಿತು. ನಾಲ್ವರಲ್ಲಿ ಐದನೆಯವನಾಗಿ ನಾನೂ ಅಲ್ಲಿ ಮಲಗಿದ್ದಂತೆ ತೋರಿತು. ಮರುವರ್ಷ, 1944ರಲ್ಲಿ, ಸ್ಪರ್ಲಿಂಗ್ ಮತ್ತು ಸ್ಕೋವಿಲ್ ಎಂಬ ಇಬ್ಬರು ಶಸ್ತ್ರವೈದ್ಯರು ಹೆಗಲು ತೋಳುಗಳ ನೋವಿಗೆ ಇದು ಸಾಮಾನ್ಯ ಕಾರಣವೆಂದು ಬರೆದರು. ನನ್ನ ತಲೆಯನ್ನು ವಾಲಿಸಿ ಒತ್ತಿದ ಪರೀಕ್ಷೆಗೆ ಇಂದಿಗೂ ಸ್ಪರ್ಲಿಂಗನ ಹೆಸರೇ ಇದೆ.

ಇನ್ನು, ಯಾವ ನರ ಚರ್ಮದ ಯಾವ ಭಾಗಕ್ಕೆ ಹೋಗುತ್ತದೆಂಬ ಭೂಪಟವನ್ನು ಯಾರು ಬರೆದರು? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದಾಗ ನನಗೆ ನನ್ನ ತರಗತಿಯ ಬಾಗಿಲೇ ಸಿಕ್ಕಿತು. ಭೂಪಟ ಬರೆದವರಲ್ಲಿ ಮುಖ್ಯನು ಲಂಡನ್ನಿನ ಹೆನ್ರಿ ಹೆಡ್ ಎಂಬ ವೈದ್ಯ. ನಮ್ಮಲ್ಲಿ ಸರ್ಪಸುತ್ತು ಎನ್ನುತ್ತೇವಲ್ಲ, ಆ ರೋಗದಲ್ಲಿ ಬೊಕ್ಕೆಗಳು ಒಂದು ನರದ ಬೇರಿಗೆ ಸೇರಿದ ಚರ್ಮದ ಪಟ್ಟಿಯನ್ನೇ ಹಿಡಿದು ಏಳುತ್ತವೆ. ರೋಗವು ಮನುಷ್ಯರ ಮೈಮೇಲೆ ತಾನಾಗಿ ಬರೆದ ಗಡಿರೇಖೆಗಳನ್ನು ಒಬ್ಬೊಬ್ಬ ರೋಗಿಯಿಂದಲೂ ಎತ್ತಿಕೊಂಡು, ಹೆಡ್ ಮತ್ತು ಕ್ಯಾಂಪ್‌ಬೆಲ್ 1900ರಲ್ಲಿ ಪ್ರಕಟಿಸಿದರು. ಅಷ್ಟಕ್ಕೆ ತೃಪ್ತಿಯಾಗದೆ ಹೆಡ್ಡನು 1903ರ ಏಪ್ರಿಲ್ ತಿಂಗಳಲ್ಲಿ ತನ್ನ ಎಡಗೈಯ ಚರ್ಮಕ್ಕೆ ಹೋಗುವ ನರಗಳನ್ನು ಶಸ್ತ್ರವೈದ್ಯನೊಬ್ಬನಿಂದ ಕತ್ತರಿಸಿಕೊಂಡು, ಮತ್ತೆ ಹೊಲಿಸಿಕೊಂಡನು! ಜೋಮು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ರೋಗಿಗಳ ಬಾಯಿಂದ ಕೇಳಿದರೆ ಸಾಲದು, ತಾನೇ ಅನುಭವಿಸಬೇಕೆಂಬುದು ಅವನ ಹಟ. ನಾಲ್ಕು ವರ್ಷಗಳ ಕಾಲ ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನ ಕೊಠಡಿಯೊಂದರಲ್ಲಿ ಅವನು ಕಣ್ಣು ಮುಚ್ಚಿ ಕುಳಿತಿರುವುದು, ಅವನ ಸ್ನೇಹಿತನು ಹತ್ತಿ, ಸೂಜಿ, ಬಿಸಿನೀರು, ಮಂಜುಗಡ್ಡೆಗಳಿಂದ ಆ ಕೈಯನ್ನು ಮುಟ್ಟುತ್ತ ಲೆಕ್ಕ ಬರೆಯುವುದು, ಹೀಗೆ ನಡೆಯಿತು. ಮೊದಲು ಮರಳಿದ್ದು ಚುಚ್ಚಿದ ನೋವು. ಹತ್ತಿಯ ಎಳೆಯ ನವುರಾದ ಸ್ಪರ್ಶ ಮರಳಿದ್ದು ಬಹುಕಾಲದ ಮೇಲೆ. ಇದರಿಂದ ಅವರು ಕಟ್ಟಿದ ಸಿದ್ಧಾಂತವನ್ನು ಮುಂದಿನವರು ಒಪ್ಪಲಿಲ್ಲ. ಆದರೆ ಆ ತಾಳ್ಮೆಯನ್ನು ಯಾರೂ ಅಲ್ಲಗಳೆದಿಲ್ಲ.

ಆ ಸ್ನೇಹಿತನ ಹೆಸರು ರಿವರ್ಸ್. ಈ ಪ್ರಯೋಗಕ್ಕೆ ಕೈಹಾಕುವ ಮೊದಲು ಆತನು ನಮ್ಮ ಮೈಸೂರು ಸೀಮೆಗೆ ನೆರೆಯದಾದ ನೀಲಗಿರಿಗೆ ಬಂದು ತೋಡರ ನಡುವೆ ಕೆಲವು ತಿಂಗಳುಗಳನ್ನು ಕಳೆದಿದ್ದನು. ತೋಡರನ್ನು ಕುರಿತ ಆತನ ದೊಡ್ಡ ಗ್ರಂಥ 1906ರಲ್ಲಿ ಹೊರಬಂದಿತು. ಮುಂದೆ ಯುದ್ಧಕಾಲದಲ್ಲಿ ಎಡಿನ್‌ಬರೋ ಬಳಿಯ ಸೈನಿಕರ ಆಸ್ಪತ್ರೆಯಲ್ಲಿ ಮನಸ್ಸು ಜರ್ಝರಿತವಾದ ಅಧಿಕಾರಿಗಳನ್ನು ನೋಡಿಕೊಳ್ಳುತ್ತಿದ್ದವನೂ ಈತನೇ. 1917ರಲ್ಲಿ ಅಲ್ಲಿ ಆತನ ಆರೈಕೆಗೆ ಬಂದವನು ಸಸೂನ್ ಕವಿ. ನನ್ನ ಎಡಗೈಯಿಂದ ಜಾರಿ ಬಿದ್ದ ಪುಸ್ತಕದ ಕವಿಗೂ, ಜೋಮು ಹಿಡಿದ ಎಡಗೈಯೊಂದನ್ನು ನಾಲ್ಕು ವರ್ಷ ಕಾದ ವೈದ್ಯನಿಗೂ ಇಂತಹ ನಂಟಿದೆಯೆಂದು ತಿಳಿದ ದಿನ ನೋವನ್ನೂ ಮರೆತು ರಾತ್ರಿಯೆಲ್ಲ ಓದಿದೆ. ಮೇಷ್ಟರುಗಳ ಚಪಲ! ಡಾಕ್ಟರು ಇದನ್ನು ಕೇಳಿ, ರಾತ್ರಿಯೆಲ್ಲ ಕತ್ತು ಬಗ್ಗಿಸಿ ಓದಿದಿರಾ ಎಂದು ಗದರಿಸಿದರು.

ಚಿತ್ರದ ಮಾತಿಗೆ ಬರುತ್ತೇನೆ. ಎಕ್ಸ್ ಕಿರಣಕ್ಕೆ ಮೂಳೆ ಕಾಣುತ್ತದೆ, ಬಿಲ್ಲೆ ಕಾಣುವುದಿಲ್ಲ. ಕಾಂತಶಕ್ತಿಯಿಂದ ತೆಗೆಯುವ ಎಂ.ಆರ್.ಐ. ಚಿತ್ರದಲ್ಲಿ ಬಿಲ್ಲೆ, ನರ, ಬೆನ್ನುಹುರಿ ಎಲ್ಲವೂ ಕಾಣುತ್ತವೆ. ಆ ಕೊಳವೆಯೊಳಗೆ ಮಲಗಿ ತಮಟೆಯಂತಹ ಸದ್ದನ್ನು ಕೇಳುತ್ತ ಅರ್ಧ ಗಂಟೆ ಕಳೆದೆ. ಆರು ಏಳರ ನಡುವೆ ಎಡಕ್ಕೆ ಚಾಚಿದ ಚೂರು ಕಾಣಿಸಿತು. ಡಾಕ್ಟರು ಸುತ್ತಿಗೆಯಿಂದ ಹೇಳಿದ್ದನ್ನೇ ಯಂತ್ರವೂ ಹೇಳಿತು. ಆದರೆ ಚಿತ್ರದಲ್ಲಿ ಐದು ಆರರ ನಡುವೆಯೂ ಒಂದು ಉಬ್ಬು ಇತ್ತು. ಅದರ ಗತಿಯೇನೆಂದು ಕೇಳಿದೆ. "ಅದು ಸುಮ್ಮನಿದೆ, ನೀವೂ ಸುಮ್ಮನಿರಿ" ಎಂದರು. 1990ರಲ್ಲಿ ಅಮೆರಿಕದಲ್ಲಿ ಕತ್ತಿನ ತೊಂದರೆ ಏನೂ ಇಲ್ಲದ 63 ಜನರಿಗೆ ಇಂತಹ ಚಿತ್ರ ತೆಗೆದಾಗ ನೂರಕ್ಕೆ 19ರ ಪ್ರಮಾಣದಲ್ಲಿ ಯಾವುದಾದರೊಂದು ಗಣನೀಯ ದೋಷ ಕಂಡುಬಂದಿತಂತೆ. ಪರೀಕ್ಷೆಯಿಲ್ಲದೆ ಮೊದಲೇ ಚಿತ್ರ ತೆಗೆಸಿಕೊಂಡು ಓಡುವ ನಮ್ಮ ನಗರಗಳ ಚಾಳಿ ನನಗೆ ಹಿಡಿಸುವುದಿಲ್ಲ. ಚಿತ್ರದಲ್ಲಿ ಇರುವುದೆಲ್ಲ ರೋಗವಲ್ಲ. ಬೆರಳಿನ ಜೋಮೆಲ್ಲ ಕತ್ತಿನದೂ ಅಲ್ಲ. ಮಣಿಕಟ್ಟಿನಲ್ಲಿ ನರ ಅದುಮಿದರೂ ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಜೋಮು ಬರುತ್ತದೆ, ಮೊಳಕೈಯಲ್ಲಿ ಅದುಮಿದರೆ ಕಿರುಬೆರಳಿಗೆ ಬರುತ್ತದೆ, ಸಿಹಿಮೂತ್ರವಿರುವವರಿಗೆ ಕಾಲಿನಿಂದ ಆರಂಭವಾಗಿ ಎರಡೂ ಕೈಗಳಿಗೆ ಬರಬಹುದು.

ಈ ಬಿಲ್ಲೆ ಏಕೆ ಬಿರಿಯಿತು? ಇಪ್ಪತ್ತು ವರ್ಷಗಳ ಉತ್ತರಪತ್ರಿಕೆಗಳೇ ಕಾರಣವೆಂದು ನಾನು ವಿಶ್ವವಿದ್ಯಾನಿಲಯದ ಮೇಲೆ ದಾವೆ ಹೂಡುವ ಉತ್ಸಾಹದಲ್ಲಿದ್ದೆ. ಡಾಕ್ಟರು ಅದಕ್ಕೂ ತಣ್ಣೀರೆರಚಿದರು. ಅಮೆರಿಕದ ರಾಚೆಸ್ಟರಿನಲ್ಲಿ 1976ರಿಂದ 1990ರವರೆಗೆ ಈ ರೋಗ ಬಂದ 561 ಜನರ ದಾಖಲೆಗಳನ್ನು ಪರಿಶೀಲಿಸಿ 1994ರಲ್ಲಿ ಒಂದು ವರದಿ ಪ್ರಕಟವಾಯಿತು. ಅದರ ಲೇಖಕರಲ್ಲಿ ಮೊದಲ ಹೆಸರು ರಾಧಾಕೃಷ್ಣನ್ ಎಂಬ ನಮ್ಮ ದೇಶದ ವೈದ್ಯರದು. ಪೆಟ್ಟು ಬಿದ್ದೋ ಭಾರ ಎತ್ತಿಯೋ ರೋಗ ಬಂದವರು ಅವರಲ್ಲಿ ನೂರಕ್ಕೆ 15ರಷ್ಟು ಮಾತ್ರ. ಉಳಿದವರಿಗೆ ಸುಮ್ಮನೆ ಬಂದಿತು. ಕೊನೆಯ ಬಾರಿ ವಿಚಾರಿಸಿದಾಗ ನೂರಕ್ಕೆ 90 ಮಂದಿ ತೊಂದರೆಯೇ ಇಲ್ಲದೆ ಅಥವಾ ಅಲ್ಪ ತೊಂದರೆಯಲ್ಲಿ ಇದ್ದರು. ಶಸ್ತ್ರಚಿಕಿತ್ಸೆಯಾದದ್ದು ಸುಮಾರು ಕಾಲುಭಾಗಕ್ಕೆ.

ನನ್ನೆದುರಿಗಿದ್ದ ಪ್ರಶ್ನೆಯೂ ಅದೇ. ಕತ್ತಿನ ಮುಂಭಾಗದಿಂದ ಹೋಗಿ ಬಿಲ್ಲೆಯನ್ನು ತೆಗೆದು ಎರಡು ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ 1950ರ ದಶಕದಿಂದ ರೂಢಿಯಲ್ಲಿದೆ. ಅದು ನುರಿತವರ ಕೈಯಲ್ಲಿ ಒಳ್ಳೆಯ ಚಿಕಿತ್ಸೆ. ನನ್ನ ಹೆಂಡತಿಯ ತಮ್ಮ, ನಾಳೆಯೇ ಮಾಡಿಸಿ ಎಂದನು. ತಾಯಿಯವರು, ಕತ್ತಿಗೆ ಕತ್ತಿ ಹಾಕಿಸಿಕೊಳ್ಳಬೇಡ ಮಗು ಎಂದರು. ಡಾಕ್ಟರು ಇಬ್ಬರ ಮಾತನ್ನೂ ಹಿಡಿಯಲಿಲ್ಲ. ಸ್ವೀಡನ್ ದೇಶದಲ್ಲಿ 81 ರೋಗಿಗಳನ್ನು ಮೂರು ಗುಂಪುಮಾಡಿ ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಕತ್ತುಪಟ್ಟಿ ಕೊಟ್ಟು ನೋಡಿದ ಪ್ರಯೋಗವೊಂದು 1997ರಲ್ಲಿ ಪ್ರಕಟವಾಗಿದೆ. ಮೊದಲ ಮೂರು ನಾಲ್ಕು ತಿಂಗಳಲ್ಲಿ ಶಸ್ತ್ರಚಿಕಿತ್ಸೆಯವರ ನೋವು ಬೇಗ ತಗ್ಗಿತು. ಒಂದು ವರ್ಷ ಕಳೆಯುವಾಗ ಮೂವರಲ್ಲಿಯೂ ಹೇಳಿಕೊಳ್ಳುವಂತಹ ಭೇದ ಉಳಿಯಲಿಲ್ಲ. ಅದಕ್ಕೆ ಕಾರಣವುಂಟು. ಹೊರಬಂದ ಚೂರನ್ನು ಶರೀರವು ಪರಕೀಯ ವಸ್ತುವೆಂದು ಭಾವಿಸಿ, ತನ್ನ ಭಕ್ಷಕ ಕಣಗಳನ್ನು ಕಳುಹಿಸಿ ಸ್ವಲ್ಪ ಸ್ವಲ್ಪವಾಗಿ ತಿಂದುಹಾಕುತ್ತದೆ. "ಕೈಯ ಬಲ ಇನ್ನೂ ಕುಂದಿದರೆ, ಎರಡು ಕೈಗಳೂ ಒರಟಾಗಿ ಗುಂಡಿ ಹಾಕಲಾರದಂತಾದರೆ, ನಡಿಗೆ ತಪ್ಪಿದರೆ, ಮೂತ್ರ ಹಿಡಿತಕ್ಕೆ ಸಿಕ್ಕದಿದ್ದರೆ, ಅರ್ಧ ದಿನವೂ ಕಾಯಬೇಡಿ, ಅದು ಬೆನ್ನುಹುರಿಯ ಮೇಲಿನ ಒತ್ತಡ. ಅದಿಲ್ಲದಿದ್ದರೆ ಆರು ವಾರ ಕೊಡಿ" ಎಂದರು.

ಆ ಆರು ವಾರಗಳು ಸುಖದವೇನೂ ಅಲ್ಲ. ವಾರಕ್ಕೊಂದು ಸಲ ಅವರ ಕೊಠಡಿಗೆ ಹೋಗಿ ಕೈಯಿಂದ ಅವರನ್ನು ತಳ್ಳುವುದು. ತಳ್ಳಲು ಹೋಗುವ ಮುನ್ನ ಬಾಗಿಲ ಹೊರಗೆ ಕುಳಿತು, ಕಳೆದ ವಾರಕ್ಕಿಂತ ಸೋತಿದೆಯೋ ಏನೋ ಎಂದು ಗೋಡೆಯನ್ನೇ ತಳ್ಳಿ ನೋಡುವುದು. ನೋವಿಗೆ ಔಷಧ, ಕೆಲವು ದಿನ ಕತ್ತುಪಟ್ಟಿ, ಆಮೇಲೆ ಮೆಲ್ಲಮೆಲ್ಲನೆಯ ವ್ಯಾಯಾಮ. ನಾಲ್ಕನೆಯ ವಾರ ನಿದ್ರೆ ಬಂದಿತು. ಆರನೆಯ ವಾರ ಡಾಕ್ಟರು ಒಂದು ಹೆಜ್ಜೆ ಹಿಂದಕ್ಕೆ ಹೋದರು. ಅವರು ಬೇಕೆಂದೇ ಹೋದರೋ ನಾನೇ ತಳ್ಳಿದೆನೋ, ಇಂದಿಗೂ ಕೇಳಿಲ್ಲ. ಶಸ್ತ್ರಚಿಕಿತ್ಸೆಯ ಮಾತು ಅಲ್ಲಿಗೆ ನಿಂತಿತು.

ಜೋಮು ಮಾತ್ರ ನಿಧಾನ. ಹಿಸುಕಿದ ನರ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಚೇತರಿಸಿಕೊಳ್ಳುತ್ತದೆ. ಎಳೆ ಕಡಿದಿದ್ದರೆ ಅದು ಬೇರಿನಿಂದ ಮತ್ತೆ ಬೆಳೆದು ಬರಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ. ಕತ್ತಿನಿಂದ ಬೆರಳ ತುದಿಗೆ ಹೆಚ್ಚುಕಡಿಮೆ 75 ಸೆಂಟಿಮೀಟರು. ಲೆಕ್ಕ ಹಾಕಿದೆ: 750 ದಿನ. ನನ್ನ ನರದ ಬಹುಭಾಗ ಹಿಸುಕಿದ್ದು ಮಾತ್ರ. ಎಂಟು ತಿಂಗಳಲ್ಲಿ ಬೆರಳು ತಿರುಗಿ ನನ್ನದಾಯಿತು. ತುದಿಯ ಒಂದು ಅಂಗುಲವಷ್ಟೇ ಇನ್ನೂ ಮಂಕು.

ನಮ್ಮ ತಾತನವರು ಭಾರತ ಓದುತ್ತಿದ್ದ ವ್ಯಾಸಪೀಠವೊಂದು ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಒರೆಸಿ, ತರಗತಿಯ ಮೇಜಿನ ಮೇಲೆ ಎತ್ತರವಾಗಿ ಇಟ್ಟುಕೊಂಡು ಪಾಠ ಹೇಳುತ್ತೇನೆ. ಕತ್ತು ಬಗ್ಗಿಸುವಂತಿಲ್ಲ, ಕೈಯಲ್ಲಿ ಪುಸ್ತಕ ಹಿಡಿಯಬೇಕಾಗಿಯೂ ಇಲ್ಲ. ಮೊದಲ ದಿನ ಹುಡುಗರು ಮಂಗಳಾರತಿಯ ತಟ್ಟೆ ಎಲ್ಲಿ ಎಂದು ತಮ್ಮತಮ್ಮಲ್ಲಿಯೇ ಮಾತನಾಡಿಕೊಂಡರು, ಈಗ ರೂಢಿಯಾಗಿದೆ. ಹಾಳೆ ತಿರುಗಿಸುವಾಗ ನಡುಬೆರಳಿಗೆ ಒಂದು ಹಾಳೆಯೋ ಎರಡೋ ತಿಳಿಯದು. ಆ ಕೆಲಸವನ್ನು ಉಂಗುರಬೆರಳು ವಹಿಸಿಕೊಂಡಿದೆ.